ಶಿಷ್ಯನೊಬ್ಬ ಗರಡಿ ಬದಲಿಸಿದ ಪ್ರಸಂಗ

ವ್ಯಾಕರಣ, ಛಂದಸ್ಸುಗಳ ಪಾಠ ಹೇಳುತ್ತ ಐವತ್ತು ದಾಟಿದ ಪಂಡಿತನೊಬ್ಬನು ಶಾಲೆಯ ಸ್ಮರಣ ಸಂಚಿಕೆಗೆ ಕರಾಟೆ, ಕಿಕ್‌ಬಾಕ್ಸಿಂಗುಗಳ ವಿಷಯವಾಗಿ ಬರೆಯಹೊರಟರೆ ಸಹೋದ್ಯೋಗಿ ಮಿತ್ರರು ನಕ್ಕಾರು. ನಗಲಿ. ನಮ್ಮಲ್ಲಿಯೇ ಹತ್ತನೆಯ ತರಗತಿಯವರೆಗೆ ಓದಿ, ಈಗ ಮೈಸೂರಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವ ಶಿಷ್ಯನೊಬ್ಬನ ನಿಮಿತ್ತವಾಗಿ ಈ ವಿಷಯವು ನನ್ನ ತಲೆಯನ್ನು ಹೊಕ್ಕಿತು, ಹೊಕ್ಕಿದ್ದು ಹೊರಡಲೊಲ್ಲದು.

ಆ ಹುಡುಗ ಏಳು ವರ್ಷ ಕರಾಟೆ ಕಲಿತು ಕಪ್ಪು ಬೆಲ್ಟು ಪಡೆದವನು. ಕಳೆದ ವರ್ಷ ಅದನ್ನು ಬಿಟ್ಟು ಕಿಕ್‌ಬಾಕ್ಸಿಂಗ್ ಕಲಿಯತೊಡಗಿದ. ಅವನ ತಾಯಿ ಗಾಬರಿಯಿಂದ ನಮ್ಮ ಮನೆಗೆ ಬಂದರು. “ಮೇಷ್ಟ್ರೇ, ನಿಮ್ಮ ಮಾತಾದರೆ ಕೇಳ್ತಾನೆ. ಇರೋನು ಒಬ್ಬ ಮಗ. ಬಿಟ್ಟುಬಿಡು ಅಂತ ಒಂದು ಮಾತು ಹೇಳಿ” ಎಂದರು. ಆಕೆಯ ಭಯ ನಿರಾಧಾರವಾದುದಲ್ಲ. 2022ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ತರುಣನೊಬ್ಬನು ಆಸ್ಪತ್ರೆಯಲ್ಲಿ ತೀರಿಕೊಂಡ ವಾರ್ತೆಯನ್ನು ನಾವೆಲ್ಲರೂ ಓದಿದ್ದೆವು. ಹೆತ್ತ ಕರುಳು ಅದನ್ನು ಮರೆಯುವುದೆಂತು?

ರಜೆಗೆ ಬಂದಾಗ ಹುಡುಗನನ್ನು ಕರೆಸಿ ಕೇಳಿದೆ. ಅವನ ಉತ್ತರ ಸರಳವಾಗಿತ್ತು. “ಮೇಷ್ಟ್ರೇ, ಕರಾಟೆ ಕ್ಲಾಸು ಒಂದೂವರೆ ಗಂಟೆ. ಅದರಲ್ಲಿ ಎದುರಿಗೆ ಒಬ್ಬ ನಿಂತು ಆಡೋದು ಹತ್ತು ನಿಮಿಷ. ಬೆಲ್ಟ್ ಪರೀಕ್ಷೆ ಹತ್ತಿರ ಬಂದರೆ ಅದೂ ಇಲ್ಲ, ಬರೀ ಕಟಾ. ಏಳು ವರ್ಷ ಆದಮೇಲೂ ನನಗೆ ಇದು ಬರುತ್ತೋ ಇಲ್ಲವೋ ನನಗೇ ಗೊತ್ತಿಲ್ಲ.”

ಕೊನೆಯ ವಾಕ್ಯ ನನ್ನನ್ನು ತಟ್ಟಿತು. ಕಟಾ ಎಂದರೆ ಕಾಲ್ಪನಿಕ ಎದುರಾಳಿಗಳ ಮೇಲೆ ನಿಯತ ಕ್ರಮದಲ್ಲಿ ಮಾಡುವ ಹೊಡೆತ ತಡೆತಗಳ ಮಾಲೆ. ಹೆಜ್ಜೆ, ತಿರುವು, ಉಸಿರು ಎಲ್ಲವೂ ಮೊದಲೇ ಗೊತ್ತಾದುವು. ನಾವು ಪಾಠಶಾಲೆಯಲ್ಲಿ ಬೆಳಗಿನ ಜಾವಕ್ಕೆದ್ದು ಅಮರಕೋಶವನ್ನೂ ಕೇಶಿರಾಜನ ಸೂತ್ರಗಳನ್ನೂ ಬಾಯಿಪಾಠ ಮಾಡಿದ್ದು ಅಂಥದೇ ಸಾಧನೆ. ಅದು ಹುಸಿಯಲ್ಲ, ಅದಿಲ್ಲದೆ ಮುಂದಿನದಿಲ್ಲ. ಆದರೆ ವಾಕ್ಯಾರ್ಥಕ್ಕೆ ಕುಳಿತಾಗ, ಎದುರಿನವನು ನಿರೀಕ್ಷಿಸದ ಕಡೆಯಿಂದ ಪೂರ್ವಪಕ್ಷವನ್ನೆತ್ತಿ ಉತ್ತರಕ್ಕಾಗಿ ಕಾದು ಕುಳಿತಾಗ, ಬಾಯಿಗೆ ಬಂದಿದ್ದ ಸೂತ್ರ ಗಂಟಲಲ್ಲೇ ನಿಲ್ಲುತ್ತಿತ್ತು. ಸಭೆಯಲ್ಲಿ ನಾಲ್ಕು ಸಲ ತೊದಲಿದ ಮೇಲೆಯೇ ಯಾವುದು ಬಂದಿದೆ, ಯಾವುದು ಬಂದಿಲ್ಲವೆಂಬುದು ತಿಳಿಯುತ್ತಿದ್ದುದು. ಹುಡುಗ ಬೇಡಿದ್ದು ಅಂಥ ಸಭೆಯನ್ನು.

ಇಲ್ಲೊಂದು ಮಾತು ಹೇಳಬೇಕು. ನಮ್ಮೂರ ಗರಡಿಯಲ್ಲಿ ಈ ಸಮಸ್ಯೆಯೇ ಇರಲಿಲ್ಲ. ದಂಡೆ, ಬಸ್ಕಿ ಎಷ್ಟು ಹೊಡೆದರೂ ಮಟ್ಟಿಗಿಳಿದು ಜೊತೆಯವನೊಡನೆ ಕೈಹಿಡಿಯದೆ ಆ ದಿನದ ಸಾಮು ಮುಗಿಯುತ್ತಿರಲಿಲ್ಲ. ಕುಸ್ತಿಯಲ್ಲಿ ಹೊಡೆತವಿಲ್ಲ, ಹಿಡಿತ, ಎಳೆತ, ಕೆಡವುವಿಕೆ ಮಾತ್ರ. ಕೆಳಗೆ ಹದಮಾಡಿದ ಕೆಮ್ಮಣ್ಣು. ಆದ್ದರಿಂದ ದಿನವೂ ಪೂರ್ಣಶಕ್ತಿಯಿಂದ ಸೆಣಸಿ, ಸಂಜೆ ಇಬ್ಬರೂ ಒಟ್ಟಿಗೆ ಹಾಲು ಕುಡಿಯಬಹುದು. ಹೊಡೆತವೇ ವಿದ್ಯೆಯಾದ ಕಡೆ ಹಾಗಲ್ಲ. ಕಲಿತದ್ದನ್ನು ಪೂರ್ಣಶಕ್ತಿಯಿಂದ ಪ್ರಯೋಗಿಸಿದರೆ ನಾಳೆಯ ಅಭ್ಯಾಸಕ್ಕೆ ಜೊತೆಗಾರನೇ ಉಳಿಯುವುದಿಲ್ಲ. ಈ ಇಕ್ಕಟ್ಟಿಗೆ ಕರಾಟೆ ಕಂಡುಕೊಂಡ ಉಪಾಯ, ಮುಷ್ಟಿಯನ್ನು ಮೈ ಮುಟ್ಟುವ ಮುನ್ನ ತಡೆದು ನಿಲ್ಲಿಸುವುದು. ಕಿಕ್‌ಬಾಕ್ಸಿಂಗ್ ಕಂಡುಕೊಂಡದ್ದು ದಪ್ಪ ಕೈಗವಸು. ಎರಡೂ ಅರ್ಧ ಉತ್ತರಗಳೇ.

ಜಪಾನಿನಲ್ಲಿಯೂ ಈ ತರ್ಕ ಹಳೆಯದು. ಓಕಿನಾವಾ ದ್ವೀಪದ ಗಿಚಿನ್ ಫುನಾಕೋಶಿಯವರು 1922ರಲ್ಲಿ ಟೋಕಿಯೋಗೆ ಬಂದು ಕರಾಟೆಯನ್ನು ಪ್ರದರ್ಶಿಸಿದರು. ಅವರು ಸ್ವತಃ ಶಾಲಾ ಉಪಾಧ್ಯಾಯರಾಗಿದ್ದವರು. ಕಟಾವೇ ಅವರಿಗೆ ವಿದ್ಯೆಯ ಸಾರ. ಸ್ಪರ್ಧೆ ಅವರಿಗೆ ರುಚಿಸಲಿಲ್ಲ. ಶಿಷ್ಯರಿಗೋ ಎದುರುಬದುರು ನಿಂತು ನೋಡುವ ತವಕ. ಗುರುಗಳು ತೀರಿಕೊಂಡ 1957ನೆಯ ಇಸವಿಯಲ್ಲಿಯೇ ಜಪಾನ್ ಕರಾಟೆ ಸಂಘವು ಮೊದಲ ಅಖಿಲ ಜಪಾನ್ ಸ್ಪರ್ಧೆಯನ್ನು ನಡೆಸಿತು. ಮತ್ತೊಂದು ಕಡೆ, ಮಸುತಾತ್ಸು ಓಯಾಮಾ ಅವರು ಮೈಮುಟ್ಟಿ ಹೊಡೆಯುವ ಕಠಿಣ ಪದ್ಧತಿಯನ್ನು ಬೆಳೆಸಿದರು. 1964ರಲ್ಲಿ ಅವರ ಬಳಗದ ಮೂವರು ಬ್ಯಾಂಕಾಕಿಗೆ ಹೋಗಿ ಥಾಯ್ ಬಾಕ್ಸಿಂಗ್ ಪಟುಗಳನ್ನು ಎದುರಿಸಿದರು. ಇಬ್ಬರು ಗೆದ್ದರು. ಸೋತವರು ಕೆಂಜಿ ಕುರೋಸಾಕಿ.

ನನಗೆ ಗೆದ್ದವರಿಗಿಂತ ಸೋತ ಈ ಮಹಾಶಯರ ಕಥೆಯೇ ಹೆಚ್ಚು ಪ್ರಿಯ. ಹಿಂದಿರುಗಿ ಅವರು ನೆಪ ಹೇಳಲಿಲ್ಲ; ಸೋಲಿಸಿದ ವಿದ್ಯೆಯನ್ನೇ ಅಭ್ಯಾಸಕ್ಕೆ ತಂದರು. ಇಷ್ಟರಲ್ಲಿ ಒಸಾಮು ನೊಗುಚಿ ಎಂಬ ಬಾಕ್ಸಿಂಗ್ ವ್ಯವಸ್ಥಾಪಕರು ಈ ಮಿಶ್ರ ಆಟಕ್ಕೆ ಕಿಕ್‌ಬಾಕ್ಸಿಂಗ್ ಎಂದು ಹೆಸರಿಟ್ಟು 1966ರಲ್ಲಿ ಒಸಾಕಾದಲ್ಲಿ ಪಂದ್ಯಗಳನ್ನು ಏರ್ಪಡಿಸಿದ್ದರು. ಕುರೋಸಾಕಿ 1969ರಲ್ಲಿ ಟೋಕಿಯೋದಲ್ಲಿ ಮೆಜಿರೋ ಎಂಬ ತಮ್ಮದೇ ಗರಡಿಯನ್ನು ತೆರೆದರು. ಅವರ ಶಿಷ್ಯ ತೋಶಿಯೋ ಫುಜಿವಾರಾ 1978ರಲ್ಲಿ ಬ್ಯಾಂಕಾಕಿನ ರಾಜದಮ್ನೆರ್ನ್ ಕ್ರೀಡಾಂಗಣದ ಪಟ್ಟವನ್ನು ಗೆದ್ದು, ಥಾಯ್ ಅಲ್ಲದವರಲ್ಲಿ ಆ ಗೌರವ ಪಡೆದ ಮೊದಲಿಗನಾದ. ಹೀಗಿರುವಾಗ ನನ್ನ ಶಿಷ್ಯನು ಹಿಡಿದ ದಾರಿಯನ್ನು ದ್ರೋಹವೆನ್ನಲು ನನಗೆ ಬಾಯಿ ಬರಲಿಲ್ಲ. ಅದು ಕರಾಟೆಯವರೇ ಸವೆಸಿದ ದಾರಿ.

ಆದರೆ ಕರಾಟೆಯ ಸಂಯಮವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. 2020ರ ಟೋಕಿಯೋ ಒಲಿಂಪಿಕ್ಸ್, ಮಹಾಮಾರಿಯ ಕಾರಣ 2021ರಲ್ಲಿ ನಡೆದಾಗ, 75 ಕಿಲೋ ಮೇಲ್ಪಟ್ಟ ಪುರುಷರ ಅಂತಿಮ ಸ್ಪರ್ಧೆಯಲ್ಲಿ ಸೌದಿ ಅರೇಬಿಯದ ತಾರೆಗ್ ಹಮೇದಿ 4–1ರಿಂದ ಮುಂದಿದ್ದ. ಅವನ ಒಂದು ಒದೆತ ಇರಾನಿನ ಸಜ್ಜಾದ್ ಗಂಜ್‌ಜಾದೆಯ ತಲೆಗೆ ತಗುಲಿ ಆತ ಪ್ರಜ್ಞೆ ತಪ್ಪಿ ಬಿದ್ದ. ಮಿತಿ ಮೀರಿದ ಹೊಡೆತವೆಂದು ಹಮೇದಿಯನ್ನು ಅನರ್ಹಗೊಳಿಸಿದರು. ಸ್ವರ್ಣಪದಕವು ಬಿದ್ದವನ ಪಾಲಾಯಿತು. ಜಗತ್ತು ನಕ್ಕಿತು. ಶಿಷ್ಯನೂ ಇದನ್ನು ನನ್ನೆದುರು ಹಾಸ್ಯವಾಗಿ ಹೇಳಿದ. ನನಗೆ ನಗು ಬರಲಿಲ್ಲ. ಹೊಡೆಯಬಲ್ಲವನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಬಲ್ಲವನಾಗಿರಬೇಕೆಂಬ ನಿಯಮಕ್ಕೆ ಒಲಿಂಪಿಕ್ಸ್ ಅಂಗಳದಲ್ಲಿಯೂ ಅವರು ವಿನಾಯಿತಿ ಕೊಡಲಿಲ್ಲ. ಇದು ಸಣ್ಣ ಮಾತಲ್ಲ.

ಮೈಸೂರಿಗೆ ಹೋಗಿದ್ದಾಗ ಅವನ ಹೊಸ ಗರಡಿಯನ್ನು ನೋಡಿಬಂದೆ. ಅಂಗಡಿಯೊಂದರ ಮೇಲಿನ ಹಜಾರ. ಸರಪಳಿಯಿಂದ ತೂಗುವ ಮರಳಿನ ಚೀಲಗಳಂಥವು. ನಿಗದಿತ ಹೊತ್ತಿಗೆ ತಾನಾಗಿ ಬಾರಿಸುವ ಗಂಟೆ. ಹದಿನಾರು ಔನ್ಸಿನ, ಅಂದರೆ ಸುಮಾರು 450 ಗ್ರಾಂ ತೂಕದ ಒಂದೊಂದು ಕೈಗವಸು, ಮೊಣಕಾಲ ಕೆಳಗೆ ದಿಂಬುಕಟ್ಟು, ಹಲ್ಲಿಗೆ ಕವಚ. ಶಿಷ್ಯನ ಎದುರಿಗೆ ಅವನಿಗಿಂತ ಗೇಣುದ್ದ ಗಿಡ್ಡವಾದ ಹುಡುಗಿಯೊಬ್ಬಳು. ಅವನು ಚುರುಕಾಗಿ ನುಗ್ಗಿ ಎದೆಗೊಂದು ಮುಷ್ಟಿ ತಾಗಿಸಿ, ಏಳು ವರ್ಷದ ಅಭ್ಯಾಸಬಲದಿಂದ, ತೀರ್ಪುಗಾರನು ಅಂಕ ಕೂಗುವನೋ ಎಂಬಂತೆ ಸೆಟೆದು ನಿಂತ. ಕೂಗುವವರು ಯಾರೂ ಇರಲಿಲ್ಲ. ಆಕೆ ಹೊಟ್ಟೆಗೊಂದು ಒದೆದು, ಎರಡು ಗುದ್ದು ಕೊಟ್ಟು ಮುಂದೆ ಸಾಗಿದಳು. ಗಂಟೆ ಬಾರಿಸುವವರೆಗೆ ಹೀಗೆ ನಾಲ್ಕು ಸಲವಾಯಿತು. ಅವನ ಮುಖ ಕೆಂಪೇರಿತ್ತು, ಆದರೆ ನಗುತ್ತಿದ್ದ. ತೊದಲುತ್ತಿರುವನೆಂದು ನನಗೆ ಅರ್ಥವಾಯಿತು.

ಅಲ್ಲಿಯ ಶಿಕ್ಷಕರು ತಿಳಿವಳಿಕೆಯುಳ್ಳವರು. ನಿತ್ಯದ ಅಭ್ಯಾಸವೆಲ್ಲ ಹಗುರ ಕೈಯಲ್ಲಿ. ಜೋರಾಗಿ ಹೊಡೆದವನನ್ನು ಹೊರಗೆ ಕೂರಿಸುತ್ತಾರೆ. ಕೈಗವಸು ಹೊಡೆಯುವವನ ಬೆರಳನ್ನೂ ಹೊಡೆಸಿಕೊಳ್ಳುವವನ ಚರ್ಮವನ್ನೂ ಕಾಪಾಡೀತೇ ಹೊರತು ತಲೆಬುರುಡೆಯೊಳಗೆ ಮೆದುಳು ಅಲುಗುವುದನ್ನು ತಡೆಯದೆಂದು ಅವರೇ ಹೇಳಿದರು. ಶಿರಸ್ತ್ರಾಣವೂ ಅಷ್ಟೇ. ಉನ್ನತ ಮಟ್ಟದ ಪುರುಷರ ಹವ್ಯಾಸಿ ಬಾಕ್ಸಿಂಗಿನಲ್ಲಿ 2013ರಿಂದ ಅದನ್ನು ಕೈಬಿಟ್ಟದ್ದೂ ಉಂಟು. ಪೆಟ್ಟು ಬಿದ್ದ ದಿನ ತಲೆನೋವು, ವಾಕರಿಕೆ, ಮಂಕು ಕಂಡರೆ ವೈದ್ಯರು ಒಪ್ಪುವವರೆಗೆ ಅಭ್ಯಾಸ ನಿಷಿದ್ಧ.

ಇಷ್ಟನ್ನು ತಾಯಿಗೆ ವಿವರವಾಗಿ ಹೇಳಿದೆ. ‘ಬಿಡು’ ಎಂದು ನಾನು ಅವನಿಗೆ ಹೇಳಲಾರೆನೆಂದೂ ತಿಳಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಪಂದ್ಯಕ್ಕೆ ಮಾತ್ರ ಹೋಗೋದು ಬೇಡ ಮೇಷ್ಟ್ರೇ” ಎಂದರು. ಅಭ್ಯಾಸ ಬೇರೆ, ಪಂದ್ಯ ಬೇರೆ ಎಂಬ ವಿವೇಕವನ್ನು ಆಕೆಗೆ ಯಾವ ಶಾಸ್ತ್ರವೂ ಕಲಿಸಿರಲಿಲ್ಲ. ಹುಡುಗ ಓದು ಮುಗಿಯುವವರೆಗೆ ಪಂದ್ಯಕ್ಕಿಳಿಯೆನೆಂದು ತಾಯಿಯ ಕೈಮುಟ್ಟಿ ಒಪ್ಪಿದ್ದಾನೆ. ಆಮೇಲಿನದು ಅವನದು.

ಈ ನಡುವೆ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಶಾಲೆಯ ಅಂಗಳದಲ್ಲಿಯೂ ಕಿಕ್‌ಬಾಕ್ಸಿಂಗ್ ತರಗತಿ ಆರಂಭವಾಗಲೆಂದು, ಕೈಗವಸು ಮೊದಲಾದ ಸಲಕರಣೆ ಕೊಡಿಸಲು ಮುಂದೆ ಬಂದಿದ್ದಾರೆ. ಆಡಳಿತ ಮಂಡಳಿಯವರು ಅಧ್ಯಾಪಕರ ಅಭಿಪ್ರಾಯ ಕೇಳಿದರು. ಪ್ರೌಢಶಾಲೆಯ ಮಕ್ಕಳಿಗೆ ಈಗಿರುವ ಕರಾಟೆಯೇ ಮುಂದುವರಿಯಲಿ, ಅದರಲ್ಲಿ ವಾರಕ್ಕೊಂದು ದಿನವಾದರೂ ಪೂರ್ತಿ ತರಗತಿಯನ್ನು ಎದುರುಬದುರಿನ ಅಭ್ಯಾಸಕ್ಕೆ ಮೀಸಲಿಡಲಿ, ತಲೆಗೆ ಹೊಡೆಯುವುದು ಯಾರಿಗೂ ಬೇಡ ಎಂದು ನಾನು ಬರೆದುಕೊಟ್ಟಿದ್ದೇನೆ. ವ್ಯಾಯಾಮ ಶಿಕ್ಷಕರು ಭಿನ್ನಾಭಿಪ್ರಾಯ ಬರೆದಿದ್ದಾರೆ. ಅವರ ವಾದವೂ ಬಲವಾಗಿಯೇ ಇದೆ. ಮಂಡಳಿಯ ಮುಂದಿನ ಸಭೆಯಲ್ಲಿ ಎರಡೂ ಪತ್ರಗಳನ್ನು ಓದುವರು.