ಆರಿಸಿದ ಟಾರ್ಚು

ನಮ್ಮೂರಿರುವುದು ತಿಪಟೂರಿನಿಂದ ಹುಳಿಯಾರಿನ ಕಡೆ ಹೋಗುವ ರಸ್ತೆಯಲ್ಲಿ. ಎರಡೂ ಬದಿಗೆ ತೆಂಗಿನ ತೋಟ. ಹುಣ್ಣಿಮೆಯ ಬೆಳಕೂ ನೆಲ ಮುಟ್ಟಬೇಕಾದರೆ ಗರಿಗಳ ಅಪ್ಪಣೆ ಪಡೆಯಬೇಕು. ಹೋದ ಕಾರ್ತಿಕದಲ್ಲಿ ಒಂದು ರಾತ್ರಿ, ಆರತಕ್ಷತೆಯ ಊಟ ಮುಗಿಸಿ ತಂಗಿಯ ಮಗನ ಕಾರಿನಲ್ಲಿ ಅಲ್ಲಿಗೆ ಹೊರಟಿದ್ದೆ.

ಹುಡುಗ ನಿಧಾನಸ್ಥ, 60ರ ಮೇಲೆ ಹೋಗುವವನಲ್ಲ. ಎದುರಿನಿಂದ ಲಾರಿಯೊಂದು ಕಣ್ಣು ಕುಕ್ಕುವಂತೆ ಬೆಳಕು ಚೆಲ್ಲುತ್ತಾ ಬಂತು. ಅದು ದಾಟಿದ ಮೇಲೆ ಒಂದು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ಕಂಡದ್ದು ಎಡಕ್ಕೆ ಒಂದು ಕರಿ ಕಂಬಳಿ. ಹುಡುಗ ಬ್ರೇಕು ತುಳಿದು ಸ್ಟೀರಿಂಗನ್ನು ಬಲಕ್ಕೆಳೆದ. ಕಾರಿನ ಕನ್ನಡಿ ಕಂಬಳಿಯನ್ನು ಸವರಿಕೊಂಡೇ ಹೋಯಿತು. ಇಳಿದು ಓಡಿದರೆ, ಕಂಬಳಿಯ ಒಳಗಿದ್ದವನು ನಮ್ಮಣ್ಣ!

ಆ ವಾರ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ. ತೋಟಕ್ಕೆ ಹೋಗಿ ಪಂಪು ಹಾಕಿ ಮನೆಗೆ ಬರುತ್ತಿದ್ದ.

“ಟಾರ್ಚು ತಂದಿರಲಿಲ್ವೇನಣ್ಣ?” ಎಂದೆ. ನನ್ನ ದನಿ ನಡುಗುತ್ತಿತ್ತು.

“ಇದೆಯಲ್ಲೋ” ಎಂದು ಕೈಯಲ್ಲಿದ್ದುದನ್ನು ತೋರಿಸಿದ. “ಹಿಂದಿನಿಂದ ನಿಮ್ಮ ಕಾರಿನ ಬೆಳಕೇ ದಾರಿ ತುಂಬಾ ಬಿತ್ತು. ಸುಮ್ನೆ ಚಾರ್ಜು ಯಾಕೆ ಹಾಳು ಅಂತ ಆರಿಸಿದೆ.”

ಕಾಣಿಸಿಕೊಳ್ಳಲೇಬೇಕಾದ ಗಳಿಗೆಯಲ್ಲಿ ಆರಿಸಿದ್ದ! ನಗಬೇಡಿ. ನೀವೂ ಹಾಗೆ ಮಾಡಿರುತ್ತೀರಿ, ನಾನಂತೂ ಮಾಡಿದ್ದೇನೆ. ನಮ್ಮ ಕೈದೀಪವೆಲ್ಲ ಇದ್ದದ್ದು ನಾವು ನೋಡುವುದಕ್ಕೆ: ಹಾವು, ಮುಳ್ಳು, ಗುಂಡಿ. ಬೇರೆಯವರಿಗೆ ಕಾಣಲೆಂದು ದೀಪ ಹಿಡಿದವರಲ್ಲ ನಾವು. ಎತ್ತಿನ ಗಾಡಿಯ ಕೆಳಗೆ ಲಾಟೀನು ತೂಗುಹಾಕುತ್ತಿದ್ದರಲ್ಲ, ಆ ಜಾಣತನ ನಡೆಯುವವನಿಗೆ ಹತ್ತಲಿಲ್ಲ. ಕಾರಿನ ದೀಪ ನಮಗೆ ಅಷ್ಟು ದೂರದಿಂದ ಕಾಣುತ್ತದಲ್ಲ, ಕಾರಿನವನಿಗೂ ನಾವು ಕಂಡೇ ಇರುತ್ತೇವೆ ಎಂದುಕೊಳ್ಳುತ್ತೇವೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಕಾರು ನಿಲ್ಲಿಸಿ, ದೀಪ ತಗ್ಗಿಸಿ, ಅಣ್ಣನನ್ನು ದೂರದಿಂದ ನಡೆದು ಬರಲು ಹೇಳಿದೆವು. ಕಂಬಳಿ ಹೊದ್ದು ಬಂದಾಗ ಕಂಡದ್ದು 35 ಹೆಜ್ಜೆ ಹತ್ತಿರಕ್ಕೆ ಬಂದ ಮೇಲೆ. ಬಿಳಿ ಪಂಚೆ ಹೊದ್ದಾಗ 70 ಹೆಜ್ಜೆ. ಹುಡುಗ ಲೆಕ್ಕ ಒಪ್ಪಿಸಿದ: “ಮಾವ, 60ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೆ. ಕಾಲು ಬ್ರೇಕಿನ ಮೇಲೆ ಬರೋಕೇ ಒಂದೂವರೆ ಸೆಕೆಂಡು ಬೇಕು.” ಅಂದರೆ 25 ಮೀಟರು. ಅಣ್ಣನ ಹೆಜ್ಜೆಯಲ್ಲಿ ಸರಿಯಾಗಿ ಆ 35. ಬ್ರೇಕು ಹಿಡಿಯುವ ಮೊದಲೇ ಲೆಕ್ಕ ಮುಗಿದಿರುತ್ತದೆ. ಹಿಂದಿನ ರಾತ್ರಿ ಉಳಿಸಿದ್ದು ಹುಡುಗನ ಕೈ ಮಾತ್ರ.

ಕೊನೆಗೆ, ಲಾರಿಗಳ ಹಿಂದೆ ಅಂಟಿಸುವ ರೇಡಿಯಂ ಪಟ್ಟಿಯನ್ನು ಅವನ ಎರಡೂ ಕಾಲಿಗೆ ಸುತ್ತಿದೆವು. ಹೆಸರು ರೇಡಿಯಂ ಅಷ್ಟೇ, ಅದರಲ್ಲಿ ರೇಡಿಯಂ ಇಲ್ಲ. ಸ್ವಂತ ಬೆಳಕೂ ಇಲ್ಲ. ಬಿದ್ದ ಬೆಳಕನ್ನು ಬಂದ ಕಡೆಗೇ ತಿರುಗಿಸುತ್ತದೆ. ದಾರಿಯ ತುದಿಯಿಂದಲೇ, 200 ಹೆಜ್ಜೆ ಆಚೆಯಿಂದ, ಎರಡು ಬೆಳಕು ಒಂದಾದ ಮೇಲೊಂದು ಏಳುತ್ತಾ ಇಳಿಯುತ್ತಾ ಬಂದವು. ಎದೆಗೆ ಕಟ್ಟಿದ್ದರೆ ಯಾವುದೋ ಕಂಬವೆಂದುಕೊಳ್ಳಬಹುದಿತ್ತು. ಕಾಲಿನಲ್ಲಿ ಆಡಿದ್ದರಿಂದ ಬರುತ್ತಿರುವುದು ಮನುಷ್ಯ ಎಂಬುದರಲ್ಲಿ ಅನುಮಾನವಿರಲಿಲ್ಲ.

“ನಾನೇನು ಲಾರಿಯೇನೋ?” ಎಂದು ಅಣ್ಣ ಗೊಣಗಿದ. ಅತ್ತಿಗೆ ಮಾತಾಡದೆ ಅವನ ಗಂಬೂಟಿನ ಹಿಮ್ಮಡಿಗೆ ಪಟ್ಟಿ ಅಂಟಿಸಿ, ಕಂಬಳಿಯ ಅಂಚಿಗೂ ಒಂದು ಹೊಲಿದರು.

ಇನ್ನೊಂದು ವಿಷಯ ಹೇಳಲು ಸಂಕೋಚ. ಅಣ್ಣ ಎಡಬದಿಯಲ್ಲಿ, ಕಾರಿಗೆ ಬೆನ್ನು ಕೊಟ್ಟು ನಡೆಯುತ್ತಿದ್ದನಲ್ಲ, ಕೇಳಿದರೆ “ನೀನೇ ಅಲ್ವೇನೋ ಹೇಳಿಕೊಡ್ತಿದ್ದದ್ದು?” ಎಂದ. ನಿಜ. 30 ವರ್ಷ ಮೇಷ್ಟರಾಗಿ ‘ರಸ್ತೆಯ ಎಡಬದಿಯಲ್ಲೇ ನಡೆಯಿರಿ’ ಎಂದು ಮಕ್ಕಳಿಂದ ಹೇಳಿಸಿದವನು ನಾನು. ಆ ಎಡಬದಿ ವಾಹನದ್ದು. ಫುಟ್‌ಪಾತ್ ಇಲ್ಲದ ಕಡೆ ಕಾಲ್ನಡಿಗೆಯವನು ಬಲಬದಿ ಹಿಡಿದು, ಬರುವ ಗಾಡಿಯನ್ನು ಎದುರಿಗೆ ನೋಡುತ್ತಾ ನಡೆಯಬೇಕು. ಆ ಮಕ್ಕಳು ಈಗ ಯಾವ ಯಾವ ರಸ್ತೆಯಲ್ಲಿದ್ದಾರೋ.

ಹೋದ ತಿಂಗಳು ರಾತ್ರಿ ಬಸ್ಸಿನಲ್ಲಿ ಊರಿಗೆ ಹೋದೆ. ಗೇಟಿನಲ್ಲಿ ಇಳಿಯುವಾಗ ಬಸ್ಸಿನ ಬೆಳಕಿನಲ್ಲಿ, ರಸ್ತೆಯ ಬಲಕ್ಕೆ, ಎರಡು ಹಿಮ್ಮಡಿಗಳು ಮಿನುಗಿದವು. ಬಸ್ಸು ಮುಂದಕ್ಕೆ ಹೋಗಿ ಅವನನ್ನು ದಾಟಿತು. ಕೈಯಲ್ಲಿನ ಟಾರ್ಚು ಹೊತ್ತಿಯೇ ಇತ್ತು.