ಉಸಿರು ಹಿಡಿಯಬೇಡಿ: ನೇತ್ರಾಣಿಯ ಸಮುದ್ರ, ನಮ್ಮ ಕಪಿಲೆ

ನಂಜನಗೂಡು, ತಿ.ನರಸೀಪುರ ಕಡೆಯಿಂದ ಸುದ್ದಿ ಕಳಿಸುವ ನಮಗೆ ನೀರು ಅಂದರೆ ಹೆಚ್ಚಾಗಿ ಎರಡೇ ಸುದ್ದಿ. ಕಬಿನಿಯಿಂದ ನೀರು ಬಿಟ್ಟರು, ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು ಅನ್ನೋದು ಒಂದು. ಈಜಲು ಹೋದವರು ನೀರುಪಾಲು ಅನ್ನೋದು ಇನ್ನೊಂದು. ಬೇಸಿಗೆ ರಜೆ, ಜಾತ್ರೆ, ಭಾನುವಾರ ಬಂದರೆ ಈ ಎರಡನೆಯ ಸುದ್ದಿಯ ಭಯ. ತಲಕಾಡು, ಮುಡುಕುತೊರೆ, ಸಂಗಮ ಅಂತ ಊರಿನ ಹೆಸರು ಬದಲಾಗುತ್ತೆ, ಬರೆಯುವ ಸಾಲು ಬದಲಾಗಲ್ಲ.

ಹಾಗಾಗಿ ನಾವು ಮೂವರು ವರದಿಗಾರ ಗೆಳೆಯರು ಮುರುಡೇಶ್ವರಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡ್ತೀವಿ ಅಂದಾಗ ಮನೆಯವರು ನಕ್ಕರು. ಒಬ್ಬರ ಮನೆಯಲ್ಲಿ ಅವ್ವ ಕೇಳಿಯೇಬಿಟ್ಟರು: "ಮೊಣಕಾಲುದ್ದ ಹೊಳೇಲೇ ನಿಲ್ಲಕ್ಕಾಗಲ್ಲ, ಸಮುದ್ರುಕ್ಕೆ ಇಳೀತೀರಾ?" ಕೇಳಿದ್ದು ಸರಿಯೇ. ನಮ್ಮಲ್ಲಿ ಇಬ್ಬರಿಗೆ ಈಜು ಬರೋದಿಲ್ಲ.

ನೇತ್ರಾಣಿ ಅನ್ನೋದು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಒಂದು ದ್ವೀಪ. ಮುರುಡೇಶ್ವರದ ದಡದಿಂದ ಸುಮಾರು 20 ಕಿ.ಮೀ. ದೂರ, ದೋಣಿಯಲ್ಲಿ ಹೋಗಬೇಕು. 2022ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ನೋಡಿದ್ದರೆ ನಿಮಗೂ ನೆನಪಿರುತ್ತೆ, ಅಪ್ಪು ನೀರಿನಡಿಗೆ ಇಳಿದಿದ್ದು ಇಲ್ಲೇ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ 2,300 ಕಿ.ಮೀ. ಉದ್ದದ ಹವಳದ ಸಾಲು. ನೇತ್ರಾಣಿ ಅಷ್ಟು ದೊಡ್ಡದಲ್ಲ, ಸುತ್ತಲಿನ ಬಂಡೆಗಳಿಗೆ ಹವಳ ಅಂಟಿಕೊಂಡಿದೆ. ಮಳೆಗಾಲದಲ್ಲಿ ಕಡಲು ಒರಟಾದ್ದರಿಂದ ಡೈವಿಂಗ್ ಬಂದ್.

ಸ್ನಾರ್ಕೆಲಿಂಗ್ ಅಂದರೆ ಲೈಫ್ ಜಾಕೆಟ್ ಹಾಕಿಕೊಂಡು ನೀರಿನ ಮೇಲೆ ಬೋರಲು ತೇಲುತ್ತಾ, ಬಾಯಲ್ಲಿ ಕೊಳವೆ ಕಚ್ಚಿಕೊಂಡು ಕೆಳಗೆ ನೋಡೋದು. ಸ್ಕೂಬಾ ಅಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಒಳಗೇ ಇಳಿಯೋದು. ಅದರಲ್ಲಿರೋದು ಬರೀ ಆಮ್ಲಜನಕ ಅಂತ ನಾವು ಅಂದುಕೊಂಡಿದ್ದೆವು. ಅಲ್ಲ, ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ.

ಇಳಿಯುವ ಮೊದಲು ತರಬೇತಿ ಕೊಟ್ಟ ಹುಡುಗ ಒಂದೇ ಮಾತನ್ನು ಹತ್ತು ಸಲ ಹೇಳಿದ: "ಏನೇ ಆದ್ರೂ ಉಸಿರು ಹಿಡೀಬೇಡಿ ಮಾರಾಯ್ರೆ." ಕಾರಣ ಸರಳ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತೆ, ಉಸಿರು ಕಟ್ಟಿದ್ದರೆ ಶ್ವಾಸಕೋಶಕ್ಕೇ ಅಪಾಯ. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ಹೆಬ್ಬೆರಳು ಎತ್ತಿದರೆ 'ಸೂಪರ್' ಅಂತಲ್ಲ, 'ಮೇಲಕ್ಕೆ ಕರ್ಕೊಂಡು ಹೋಗಿ' ಅಂತ. ಎಲ್ಲ ಸರಿ ಇದೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಮೊದಲ ಎರಡು ನಿಮಿಷ ಎದೆ ಡವಡವ. ಆಮೇಲೆ ನಮ್ಮ ಉಸಿರಿನ ಶಬ್ದ ಬಿಟ್ಟರೆ ಬೇರೇನೂ ಕೇಳಲ್ಲ. ಗಿಳಿಯಂಥ ಮೂತಿಯ ಮೀನು, ಹಳದಿ ಪಟ್ಟೆಯ ಮೀನು ಮುಖದ ಮುಂದೆಯೇ ಹಾದುಹೋದವು. ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳು ಕಟ್ಟಿದ ಮನೆ. ಅವುಗಳ ಮೈಯೊಳಗಿನ ಪಾಚಿಯೇ ಅವುಗಳಿಗೆ ಊಟ, ಬಣ್ಣ ಎರಡನ್ನೂ ಕೊಡುತ್ತೆ. ನೀರು ಅತಿಯಾಗಿ ಬಿಸಿಯಾದರೆ ಪಾಚಿ ಹೊರಹೋಗಿ ಹವಳ ಬಿಳುಚಿಕೊಳ್ಳುತ್ತೆ. ಅದಕ್ಕೇ ಮುಟ್ಟಬೇಡಿ, ಮೇಲೆ ಕಾಲಿಡಬೇಡಿ ಅಂತಾರೆ.

ಈಜು ಬಾರದ ನಾವು ಸಮುದ್ರದಡಿ ಹೋಗಿ ಕ್ಷೇಮವಾಗಿ ಬಂದೆವು. ಇದರಲ್ಲಿ ನಮ್ಮ ಧೈರ್ಯ ಏನೂ ಇಲ್ಲ. ಒಬ್ಬೊಬ್ಬರಿಗೂ ಒಬ್ಬ ಜೊತೆಗಾರ, ಮೇಲೆ ಕಾಯುವ ದೋಣಿ, ಮೊದಲೇ ಹೇಳಿಕೊಟ್ಟ ಸನ್ನೆ, ಕಡಲು ಕೆಟ್ಟರೆ ಹೋಗುವಂತಿಲ್ಲ ಅನ್ನುವ ನಿಯಮ. ಇಷ್ಟಿದ್ದದ್ದಕ್ಕೆ ಬಂದೆವು.

ನಮ್ಮ ಹೊಳೆಯಲ್ಲಿ ಇದರಲ್ಲಿ ಯಾವುದಿದೆ? ಕುಂಭಮೇಳದ ಮೂರು ದಿನ ತಿರುಮಕೂಡಲಿನ ಸಂಗಮದಲ್ಲಿ ಕಾವಲು ಇರುತ್ತೆ. ಉಳಿದ ದಿನ ಒಂದು ಎಚ್ಚರಿಕೆ ಫಲಕ, ಅದೂ ಇದ್ದರೆ.

ಯಾರಾದರೂ ಮುಳುಗಿದರೆ ಕರೆಯೋದು ಊರಿನ ಮೀನುಗಾರರನ್ನು. ಪತ್ರಿಕೆಯಲ್ಲಿ ಅವರು 'ನುರಿತ ಈಜುಗಾರರು', ಹೆಸರು ಬರೋದು ಕಡಿಮೆ. ನೇತ್ರಾಣಿಯಿಂದ ಬಂದ ಮೇಲೆ ಅಂಥ ಒಬ್ಬ ಅಣ್ಣನಿಗೆ ಫೋನಿನಲ್ಲಿದ್ದ ವಿಡಿಯೊ ತೋರಿಸಿದೆವು. ಪೂರ್ತಿ ನೋಡಿ, "ಅಷ್ಟೊಂದ್ ತಿಳಿಯಾಗಿರ್ತದಾ ನೀರು?" ಅಂದರು. ಆಮೇಲೆ, "ನಮ್ಗೆ ಕೈಯೇ ಕಣ್ಣು ಸಾಮಿ. ಕೆಂಪ್ ನೀರಲ್ಲಿ ಏನೂ ಕಾಣಕ್ಕಿಲ್ಲ. ದಮ್ ಕಟ್ಕಂಡು ಹೋಗಿ ತಡಕಾಡೋದೆಯ. ಬಟ್ಟೆ ಸಿಕ್ಕದ್ರೆ ಎಳೀತೀವಿ" ಅಂದರು. ಉಸಿರು ಹಿಡಿಯಬೇಡಿ ಅಂತ ಹೇಳಿಸಿಕೊಂಡು ಬಂದವರು ನಾವು. ಉಸಿರು ಹಿಡಿದೇ ಕೆಲಸ ಮಾಡುವವರು ಅವರು. ಸಿಲಿಂಡರ್ ಇಲ್ಲ, ಜಾಕೆಟ್ ಇಲ್ಲ, ವಿಮೆ ಇಲ್ಲ. ಹೆಣ ಕಳೆದುಕೊಂಡ ಮನೆಯವರ ಹತ್ತಿರ ದುಡ್ಡು ಕೇಳೋಕೆ ಬಾಯಿ ಬರಲ್ಲ ಅಂತ ಅವರೇ ಹೇಳಿದರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಹೆಚ್ಚಿನವರು ಬಡ, ಮಧ್ಯಮ ಆದಾಯದ ದೇಶಗಳವರು. ಅಂದರೆ ನಮ್ಮಂಥ ಊರಿನವರು.

ದೊಡ್ಡ ಯೋಜನೆ ಬರೋವರೆಗೂ ಕಾಯದೆ ನಾವೇ ಮಾಡಬಹುದಾದ್ದು ಇದೆ. ಹಿಂದೆ ಸೋರೆಬುರುಡೆ ಕಟ್ಟಿ ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದರು. ಈಗ ಹೆಣ್ಣುಮಕ್ಕಳಿಗೂ ಸೇರಿಸಿ, ಗೊತ್ತಿರುವ ದೊಡ್ಡವರ ಎದುರಲ್ಲೇ ಕಲಿಸಿ. ಮರಳು ತೆಗೆದ ಗುಂಡಿ ಎಲ್ಲಿದೆ ಅಂತ ಊರ ಮೀನುಗಾರರಿಗೆ ಗೊತ್ತಿರುತ್ತೆ, ಕೇಳದೆ ಇಳಿಯಬೇಡಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿ. ಹಗ್ಗ, ಪಂಚೆ, ಸೀರೆ, ಮುಚ್ಚಿದ ಖಾಲಿ ಕ್ಯಾನ್, ಏನು ಸಿಕ್ಕಿದರೂ ಎಸೆಯಿರಿ. ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ನಿಮ್ಮ ಗ್ರಾಮಸಭೆಯಲ್ಲಿ ಹೊಳೆದಡಕ್ಕೆ ಒಂದು ಹಗ್ಗ, ನಾಲ್ಕು ಲೈಫ್ ಜಾಕೆಟ್, ಮುಳುಗಿ ತೆಗೆಯುವವರಿಗೆ ಗೌರವಧನ ಮತ್ತು ವಿಮೆ ಕೇಳಿ. ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ, ಅದರ ಫೋಟೊ ನಮಗೆ ಕಳಿಸಿ. ಆ ಸುದ್ದಿ ನಾವು ಬರೆಯುತ್ತೇವೆ.