ಮಖೆ ಮಳೆಯ ಹೊತ್ತಿನ ಬಿಸಿಲು

2023ರ ಆಗಸ್ಟ್. ಆಶ್ಲೇಷ ಹೋಗಿ ಮಖೆ ಬಂದರೂ ಸವಳಂಗದಲ್ಲಿ ಬೇಸಿಗೆಯ ಬಿಸಿಲು. ತೆನೆ ಕಟ್ಟಬೇಕಿದ್ದ ಮೆಕ್ಕೆಜೋಳದ ಗರಿ ಸುರುಳಿಯಾಗಿತ್ತು.

“ಸಾರ್, ಎಲ್ಲೋ ಪೆಸಿಫಿಕ್ ಸಾಗರ ಬಿಸಿಯಾದ್ರೆ ನಮ್ಮ ಹೊಲ ಯಾಕೆ ಒಣಗ್ಬೇಕು?” ಎಂದಳು ಒಂಬತ್ತನೇ ತರಗತಿಯ ಹುಡುಗಿ. ಅವಳ ತಂದೆ ಗೊಬ್ಬರಕ್ಕೆ ಸಾಲ ಮಾಡಿದ್ದರು.

ಎಲ್ ನಿನೊ ವರ್ಷದಲ್ಲಿ ಗಾಳಿ ನಡು ಪೆಸಿಫಿಕ್‌ನಲ್ಲಿ ಮೇಲೇರಿ, ನಮ್ಮ ಕಡೆ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ (ಸೈಕಲ್ ಪಂಪಿನ ತಳ ಮುಟ್ಟಿ ನೋಡಿ), ಮೋಡ ಕಟ್ಟಗೊಡುವುದಿಲ್ಲ. 1997ರಲ್ಲಿ ಎಲ್ ನಿನೊ ಇದ್ದೂ ದೇಶದಲ್ಲಿ ಮಳೆಯಾಗಿತ್ತು ಎನ್ನುವುದೂ ನಿಜವೇ. ಈ ಸಲ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿಯೂ ಹಿಮಾಲಯದ ಬುಡಕ್ಕೆ ಸರಿದಿತ್ತು. ತೇವವಿಲ್ಲದ ನೆಲದಲ್ಲಿ ಆವಿಯಾಗಲು ನೀರೆಲ್ಲಿ? ಬಿಸಿಲೆಲ್ಲ ಗಾಳಿಯನ್ನೇ ಕಾಯಿಸಿತು. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು.

“ಹಂಗಾದ್ರೆ ಬಿತ್ತಿದ್ದು ಅಪ್ಪನ ತಪ್ಪಲ್ಲ ಅಲ್ವಾ ಸಾರ್?” ಎಂದಳು.